ನನ್ನ ಕಿವಿಯ ಮೇಲೆ ನಡೆದ ಸಂಶೋಧನೆ

1987ರಲ್ಲಿ ನಾನು ಓದು ನಿಲ್ಲಿಸಿದೆ. ದಯವಿಟ್ಟು ಗಮನಿಸಬೇಕು, ಓದು ನನ್ನನ್ನು ಬಿಟ್ಟದ್ದಲ್ಲ, ನಾನು ಅದನ್ನು ಬಿಟ್ಟದ್ದು. ಒಂಬತ್ತನೇ ಕ್ಲಾಸಿನಲ್ಲಿ ಬೀಜಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಅಕ್ಷರ ಬರೆದು, "ಇದರ ಬೆಲೆ ನಮಗೆ ಗೊತ್ತಿಲ್ಲ, ಇಷ್ಟು ಅಂತ ಇಟ್ಟುಕೊಳ್ಳೋಣ" ಅಂದರು. ಬೆಲೆ ಗೊತ್ತಿಲ್ಲದ ಮಾಲನ್ನು ನಾವು ಯಾಕೆ ಇಟ್ಟುಕೊಳ್ಳಬೇಕು ಅನ್ನುವ ಅನುಮಾನ ನನಗೆ ಬಂತು. ಕೇಳಿದೆ. ಅವರು ಬೆಂಚಿನ ಮೇಲೆ ನಿಲ್ಲಿಸಿದರು. ಮಾರನೆಯ ವಾರ ನಾನು ಬೆಂಚಿಗಿಂತ ಎತ್ತರವಾದ ಜಾಗಕ್ಕೆ ಹತ್ತಿದೆ, ನಮ್ಮಪ್ಪನ ತೆಂಗಿನಕಾಯಿ ಅಟ್ಟಕ್ಕೆ. ಅಲ್ಲಿಂದ ಹಿಡಿದು ಇವತ್ತಿನವರೆಗೆ ಬೆವರು ಸುರಿಸಿ ದುಡಿದು ತಿಂದಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿಲ್ಲ, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿಲ್ಲ.

ಶಾಲೆಯಲ್ಲಿ ವಿದ್ಯೆ ತುಂಬಬೇಕಾಗಿದ್ದ ಜಾಗ ಖಾಲಿ ಉಳಿಯಿತಲ್ಲ, ಅಲ್ಲೆಲ್ಲ ಅನುಮಾನ ಬೆಳೆದುಕೊಂಡಿದೆ ಅಂತ ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ. ಇರಬಹುದು. ಪೆಟ್ರೋಲ್ ಬಂಕಿನಲ್ಲಿ "ಸೊನ್ನೆ ನೋಡ್ಕೊಳಿ ಸಾರ್" ಅಂದರೆ ನಾನು ಸೊನ್ನೆಯನ್ನೂ ನೋಡುತ್ತೇನೆ, ಹಾಗೆ ಹೇಳಿದವನನ್ನೂ ನೋಡುತ್ತೇನೆ. ಫೋನು ಇವತ್ತು ಮಳೆ ಎಂದರೆ ಅಂಗಳಕ್ಕೆ ಬಂದು ಆಕಾಶ ನೋಡುತ್ತೇನೆ. ಆಕಾಶದಲ್ಲಿ ಮೋಡ ಕಂಡರೆ ಒಳಗೆ ಹೋಗಿ ಫೋನು ನೋಡುತ್ತೇನೆ. ಡಾಕ್ಟರು ನಿಮ್ಮ ಬಿಪಿ ಸರಿಯಾಗಿದೆ ಎಂದಾಗ ಮಿಷನ್ನು ಸರಿಯಾಗಿದೆಯಾ ಅಂತ ಕೇಳಿ, ಅವರ ಬಿಪಿ ಏರಿಸಿ ಬಂದಿದ್ದೇನೆ. ಮದುವೆ ಮನೆಯಲ್ಲಿ ತಾಂಬೂಲದ ಜೊತೆ ತೆಂಗಿನಕಾಯಿ ಕೊಟ್ಟರೂ ಕೈ ತಾನಾಗಿ ಅದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸುತ್ತದೆ. ಹುಡುಗಿಯ ಅಪ್ಪ ಪಾಪ, ಬೆವರಿಬಿಡುತ್ತಾನೆ. "ರೀ, ಮರ್ಯಾದೆಗೆ ಅಂತ ಕೊಟ್ಟಿದಾರೆ ಕಣ್ರೀ, ಮಾರಕ್ಕಲ್ಲ" ಎಂದು ಗಿರಿಜ ಸೊಂಟಕ್ಕೆ ತಿವಿಯುತ್ತಾಳೆ.

ಆದರೆ ಆ ಅಲ್ಲಾಡಿಸುವುದೇ ನನ್ನ ಅನ್ನ. ನಮ್ಮ ಅರಸೀಕೆರೆ ಕಡೆ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಉಳಿದ ವ್ಯಾಪಾರಿಗಳು ಕಾಯಿ ಒಡೆದು ಕೊಬ್ಬರಿ ಕಣ್ಣಿಗೆ ಕಂಡ ಮೇಲೆ ಬೆಲೆ ಕಟ್ಟಿದರೆ, ನಾನು ಅಟ್ಟದ ಮೇಲಿರುವಾಗಲೇ ಕಟ್ಟುತ್ತೇನೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಬಿಳಿ ಕೊಬ್ಬರಿಯೋ ಕೊಳೆತದ್ದೋ ಹೇಳಿಬಿಡುತ್ತೇನೆ. ಇದಕ್ಕೇ ಸುತ್ತಲಿನ ಹಳ್ಳಿಗಳಲ್ಲಿ ನನಗೆ ಕಿವಿ ಪರಮೇಶಣ್ಣ ಅಂತ ಹೆಸರು. ಡಿಗ್ರಿ ಇಲ್ಲದವನಿಗೆ ಊರು ಕೊಟ್ಟ ಡಿಗ್ರಿ ಅದು.

ನಮ್ಮ ಒಬ್ಬಳೇ ಮಗಳು ಚಂದನ ಹಾಸನದ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಶನಿವಾರ ರೈಲಿನಲ್ಲಿ ಬಂದು ಸೋಮವಾರ ಹೋಗುತ್ತಾಳೆ. ಒಂದು ಶನಿವಾರ ಊಟಕ್ಕೆ ಕೂತಾಗ ಹೇಳಿದಳು: "ಅಪ್ಪಾಜಿ, ಈ ಸಲ ಹೊಸ ಕ್ಲಾಸ್ ಶುರುವಾಗಿದೆ. ಬರವಣಿಗೆ ಮತ್ತೆ ಸಂಶೋಧನೆ ಕಲಿಸ್ತಾರೆ."

"ಬರವಣಿಗೆನಾ? ಒಂದನೇ ಕ್ಲಾಸಲ್ಲೇ ಕಲ್ತಿದ್ದೆಯಲ್ಲಮ್ಮ. ಮರ್ತೋಯ್ತಾ?"

"ಆ ಬರವಣಿಗೆ ಅಲ್ಲ. ನಾವು ಏನು ಮಾಡಿದ್ವಿ, ಹೆಂಗೆ ಮಾಡಿದ್ವಿ, ಏನು ಸಿಕ್ತು, ಸಿಕ್ಕಿದ್ದು ನಿಜ ಅಂತ ಹೆಂಗೆ ಗೊತ್ತು, ಇದನ್ನೆಲ್ಲ ರಿಪೋರ್ಟಲ್ಲಿ ಬರೆಯೋದು."

ನನಗೆ ತಕ್ಷಣ ಅನುಮಾನ ಬಂತು. ಇಂಜಿನಿಯರಾದವನು ಸೇತುವೆ ಕಟ್ಟಬೇಕು. ಸೇತುವೆ ನಿಂತರೆ ಬರೆಯುವ ಅಗತ್ಯವೇ ಇಲ್ಲ, ಬಿದ್ದರೆ ಬರೆಯಲು ಅವನು ಕೈಗೆ ಸಿಗುವುದಿಲ್ಲ. ಹಾಗಿರುವಾಗ ಈ ಕ್ಲಾಸು ಯಾರಿಗಾಗಿ? ಕಾಲೇಜಿನವರು ಪಾಠ ಮಾಡಲು ಬೇರೇನೂ ಸಿಗದೆ ಕಾಪಿ ಬರೆಸುತ್ತಿದ್ದಾರೆಯೇ? ಅಥವಾ ಹುಡುಗಿ ಬೇರೆ ಯಾರಿಗೋ ಏನೋ ಬರೆಯುತ್ತಿದ್ದು, ನಮಗೆ ಕ್ಲಾಸು ಅನ್ನುತ್ತಿದ್ದಾಳೆಯೇ? ಈ ಎರಡನೆಯ ಅನುಮಾನವನ್ನು ಅಡುಗೆಮನೆಯಲ್ಲಿ ಗಿರಿಜಳ ಕಿವಿಗೆ ಹಾಕಿದೆ. ಅವಳು ಮುದ್ದೆ ಕೋಲು ಕೆಳಗಿಟ್ಟು, "ಲವ್ ಲೆಟರ್ ಬರೆಯೋ ಕಾಲ ನಿಮ್ಮ ಜೊತೆಗೇ ಮುಗೀತು. ನೀವೂ ಒಂದೂ ಬರೀಲಿಲ್ಲ" ಅಂದಳು. ನಾನು ಹೊರಗೆ ಬಂದೆ.

ಮುಂದಿನ ವಾರಗಳಲ್ಲಿ ಕ್ಲಾಸಿನ ನಿಯಮಗಳು ಒಂದೊಂದಾಗಿ ಗೊತ್ತಾದವು. ಯಾರು ಏನು ಹೇಳಿದರೂ ನಿನಗೆ ಹೇಗೆ ಗೊತ್ತು ಎಂದು ಕೇಳಬೇಕು. ಇನ್ನೊಬ್ಬರ ಮಾತನ್ನು ತನ್ನದು ಎಂದು ಬರೆಯಬಾರದು. ಆಧಾರ ತೋರಿಸಲಾಗದ್ದನ್ನು ಬರೆಯಲೇಬಾರದು. ಕೇಳುತ್ತ ಕೇಳುತ್ತ ನನ್ನ ಮುಖ ಅರಳಿತು. ಇದು ನಾನು ಫೀಸು ಕಟ್ಟದೆ ಕಲಿತದ್ದಲ್ಲವೇ! ಒಂದೇ ಒಂದು ನಿಯಮ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಸರಿ ಹೋಗದ್ದನ್ನೂ ಬರೆಯಬೇಕಂತೆ. "ನನ್ನ ಅಂಗಡೀಲಿ ಹೋದ ವಾರ ಕೊಳೆತ ಮಾಲು ಬಂದಿತ್ತು ಅಂತ ಯಾವನಾದ್ರೂ ಬೋರ್ಡು ಹಾಕ್ತಾನೇನಮ್ಮ?" ಎಂದು ಕೇಳಿದೆ. "ಹಾಕಿದ್ರೆ ನೀವು ಅವನನ್ನ ನಂಬ್ತಿದ್ರಿ ಅಲ್ವಾ ಅಪ್ಪಾಜಿ?" ಅಂದಳು. ಇಲ್ಲ, ಅವನ ಮೇಲೆ ಇನ್ನೂ ಜಾಸ್ತಿ ಅನುಮಾನ ಪಡುತ್ತಿದ್ದೆ.

ಆ ದಿನಗಳಲ್ಲಿಯೇ ನೆಂಟರನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆವು. ಬೇಲೂರಿಗೆ ನಾವು ಹೋಗುವುದು ನೆಂಟರು ಬಂದಾಗ ಮಾತ್ರ. ದೇವಸ್ಥಾನದ ಗೈಡು ಒಂದು ಕಂಬದ ಮುಂದೆ ನಿಂತು, ಈ ಕಂಬ ಒಂದು ಕಾಲದಲ್ಲಿ ಗಿರಗಿರನೆ ತಿರುಗುತ್ತಿತ್ತು ಎಂದು ಕೈ ತಿರುಗಿಸಿ ತೋರಿಸಿದ. ನೆಂಟರೆಲ್ಲ ಬಾಯಿ ತೆರೆದು ನಿಂತರು. ಚಂದನ ಮೆಲ್ಲಗೆ ಕೇಳಿದಳು: "ತಿರುಗಿದ್ದನ್ನ ಯಾರು ನೋಡಿದ್ರು ಸಾರ್?"

"ನಮ್ಮ ತಾತ ಹೇಳ್ತಿದ್ರಮ್ಮ."

"ನಿಮ್ಮ ತಾತ ನೋಡಿದ್ರಾ?"

"ಅವರಿಗೆ ಅವರ ತಾತ ಹೇಳಿದ್ದು."

"ಹಂಗಾದ್ರೆ ತಿರುಗ್ತಿತ್ತು ಅನ್ನೋ ಬದ್ಲು, ತಿರುಗ್ತಿತ್ತು ಅಂತ ನಮ್ಮ ಮನೇಲಿ ಹೇಳ್ತಾರೆ ಅನ್ನಬಹುದು ಅಲ್ವಾ ಸಾರ್?"

ಗೈಡು ಕಂಬವನ್ನು ಬಿಟ್ಟು ನಮ್ಮನ್ನು ಬೇಗ ಬೇಗ ಹೊರಗಿನ ಗೋಡೆಯ ಆನೆಗಳ ಸಾಲಿಗೆ ಕರೆದುಕೊಂಡು ಹೋದ. ಆನೆಗಳ ಬಗ್ಗೆ ಯಾರಿಗೂ ತಕರಾರಿಲ್ಲ, ಕಾಣುತ್ತವೆ. ನಾನು ಎಲ್ಲರ ಹಿಂದೆ ನಡೆಯುತ್ತ ಆನಂದಪಟ್ಟೆ. ಇಂಥ ಪ್ರಶ್ನೆ ಬೇರೆಯವರ ಮೇಲೆ ಬಿದ್ದಾಗ ಕೇಳಲು ಅದಕ್ಕಿಂತ ಇಂಪಾದ ಸಂಗೀತ ಇನ್ನೊಂದಿಲ್ಲ.

ಆಮೇಲೆ ಬಂತು ಪ್ರಾಜೆಕ್ಟು. ಚಂದನಳ ಗುಂಪಿನ ನಾಲ್ವರು ಹುಡುಗಿಯರು ಒಂದು ಯಂತ್ರ ಮಾಡಿದರು. ಡಬ್ಬದಂಥ ಆ ಯಂತ್ರದೊಳಗೆ ಅಟ್ಟದ ಕಾಯಿ ಇಟ್ಟರೆ ಅದು ಕಾಯಿಯನ್ನು ಅಲ್ಲಾಡಿಸಿ, ಸದ್ದು ಕೇಳಿ, ಕೊಬ್ಬರಿ ಒಳ್ಳೆಯದೋ ಕೆಟ್ಟದ್ದೋ ಹೇಳಬೇಕು. ಅಂದರೆ ಕಬ್ಬಿಣದಲ್ಲಿ ಮಾಡಿದ ಪರಮೇಶಣ್ಣ. ಯಂತ್ರಕ್ಕೆ ಮೊದಲು ಪಾಠ ಹೇಳಿಕೊಡಬೇಕಂತೆ. ಕಾಯಿಯ ಸದ್ದು ಕೇಳಿಸಿ, ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ನೂರಾರು ಸಲ ಹೇಳಿದರೆ ಆಮೇಲೆ ಅದೇ ಕಲಿಯುತ್ತದಂತೆ. ಅದಕ್ಕಾಗಿ ಪ್ರತಿಯೊಂದು ಕಾಯಿಯನ್ನೂ ಒಡೆದು ನೋಡಬೇಕು ಎಂದು ಹುಡುಗಿಯರು ಮಚ್ಚು ಹುಡುಕಿದರು. ಇನ್ನೂ ಒಣಗುತ್ತಿರುವ ಕಾಯಿಯನ್ನು ಒಡೆದರೆ ಅತ್ತ ತೆಂಗಿನಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

"ಒಡೆಯೋದ್ಯಾಕ್ರಮ್ಮ? ಮನೇಲಿ ನಾನಿಲ್ವಾ? ಅಲ್ಲಾಡಿಸಿ ಹೇಳ್ತೀನಿ, ಬರ್ಕೊಳಿ" ಅಂದೆ.

ಎರಡು ಭಾನುವಾರ ನನ್ನ ಅಟ್ಟದ ಮೇಲೆ ಕೂತು ಆ ಯಂತ್ರಕ್ಕೆ ಮೇಷ್ಟ್ರಾದೆ. ಒಂಬತ್ತನೇ ಕ್ಲಾಸು ಬಿಟ್ಟವನು ಇಂಜಿನಿಯರಿಂಗಿಗೆ ಪಾಠ ಮಾಡುವುದೆಂದರೆ ಸಣ್ಣ ಮಾತೇ? ಹೊಸ ಪಂಚೆ ಉಟ್ಟು ಕೂತಿದ್ದೆ. ಚಂದನ ಮಾತ್ರ ನಡುನಡುವೆ, "ಹೆಂಗೆ ಗೊತ್ತಾಗತ್ತೆ ಅಪ್ಪಾಜಿ?" ಅನ್ನುತ್ತಿದ್ದಳು.

"ಗೊತ್ತಾಗತ್ತೆ."

"ಅದೇ, ಹೆಂಗೆ?"

"ಇಷ್ಟು ವರ್ಷ ಮಾಡಿದ್ರೆ ನಿಂಗೂ ಗೊತ್ತಾಗತ್ತೆ."

"ಇದು ಆ ಕಂಬದ ಉತ್ತರ ಇದ್ದಂಗಿದೆ" ಅಂದಳು. ಕೇಳಿಸದವನ ಹಾಗೆ ಕಾಯಿ ಅಲ್ಲಾಡಿಸಿದೆ.

ಕೊನೆಗೆ ಪರೀಕ್ಷೆಯ ದಿನ. ಪ್ರಾಜೆಕ್ಟಿನ ಮೇಡಂ ಹೇಳಿದ್ದರಂತೆ, ಯಂತ್ರದ ಜೊತೆಗೆ ಅನುಭವಸ್ಥರೊಬ್ಬರನ್ನೂ ಪರೀಕ್ಷಿಸಿ, ಈ ಸಲ ಒಡೆದು ನೋಡಿ ಎಂದು. ಹಾರನಹಳ್ಳಿಯ ಗಂಗಾಧರಪ್ಪನ ಅಟ್ಟದಿಂದ ಇಪ್ಪತ್ತು ಕಾಯಿ ತರಿಸಿದರು. ಅವನು ನನಗೆ ಬಹಳ ವರ್ಷದಿಂದ ಕಾಯಿ ಕೊಡುವವನು. ನಮ್ಮ ಅಂಗಳದಲ್ಲಿ ಕಾಯಿ ತೆಗೆದು ಕೈಗೆ ಕೊಟ್ಟವಳು ರಚನಾ ಅನ್ನುವ ಚಂದನಳ ಗೆಳತಿ. ಒಳ್ಳೆಯ ಹುಡುಗಿ, ಆದರೆ ಮುಖದಲ್ಲಿ ನಗುವೂ ಇಲ್ಲ, ಬೇಜಾರೂ ಇಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಒಂದೇ ಬಣ್ಣ. "ಯಾವ ಕಾಯಿ ಹೆಂಗಿದೆ ಅಂತ ಕೊಡೋರಿಗೂ ಗೊತ್ತಿರಬಾರದು ಅಂಕಲ್, ಅದೇ ನಿಯಮ" ಅಂದಳು. ನಾನು ಅಲ್ಲಾಡಿಸಿದೆ, ಹೇಳಿದೆ. ಯಂತ್ರವೂ ಅಲ್ಲಾಡಿಸಿತು, ಹೇಳಿತು. ಆಮೇಲೆ ಒಡೆದರು.

ಯಂತ್ರ ಇಪ್ಪತ್ತಕ್ಕೆ ಹನ್ನೆರಡು ಸರಿ ಹೇಳಿತ್ತು. ನಾನು ಹನ್ನೊಂದು.

"ಕಾಸು ಚಿಮ್ಮಿ ಹೇಳಿದ್ರೂ ಹತ್ತು ಬರತ್ತೆ" ಅಂದಳು ಚಂದನ. ನನ್ನನ್ನು ಹಂಗಿಸಲು ಅಂದದ್ದಲ್ಲ, ಅವಳ ಚಿಂತೆ ಯಂತ್ರದ್ದು. ಯಂತ್ರ ಕೆಲಸ ಮಾಡಿಲ್ಲ. ಯಾಕೆ ಮಾಡಿಲ್ಲ ಅಂತಲೂ ಗೊತ್ತಿಲ್ಲ. ಮುಂದಿನ ವಾರ ರಿಪೋರ್ಟು ಕೊಡಬೇಕು. ಕೆಲಸ ಮಾಡಲಿಲ್ಲ ಎಂದು ಬರೆದರೆ ಮೇಡಂ ಒಪ್ಪುತ್ತಾರಂತೆ, ಯಾಕೆ ಎಂದು ಬರೆಯದಿದ್ದರೆ ವಾಪಸು ಕಳಿಸುತ್ತಾರಂತೆ. ವಾಪಸು ಬಂದರೆ ನಾಲ್ವರ ವರ್ಷವೂ ಅಲ್ಲಿಗೇ ನಿಂತಂತೆ. ಗುಂಪಿನ ಇನ್ನೊಬ್ಬಳು ಫೋನಿನಲ್ಲಿ, ಹನ್ನೆರಡನ್ನು ಹದಿನೆಂಟು ಮಾಡಿಬಿಡೋಣ ಕಣೇ, ಯಾರು ಒಡೆದು ನೋಡ್ತಾರೆ ಅಂದಳಂತೆ. ನನಗೂ ಅದು ಬುದ್ಧಿವಂತಿಕೆಯ ಮಾತಾಗಿಯೇ ಕಂಡಿತು.

"ಹಂಗೇ ನನ್ನ ಹನ್ನೊಂದನ್ನ ಹತ್ತೊಂಬತ್ತು ಮಾಡಮ್ಮ. ಒಂದು ತಪ್ಪು ಇರಲಿ, ಇಲ್ದಿದ್ರೆ ಅನುಮಾನ ಬರತ್ತೆ."

ಅವಳು ನನ್ನನ್ನು ನೋಡಿದ ನೋಟ ಹೇಗಿತ್ತು ಎಂದರೆ, ತೂಕದಲ್ಲಿ ಕೈಚಳಕ ತೋರಿಸುವವನನ್ನು ನಾನು ನೋಡುತ್ತೇನಲ್ಲ, ಹಾಗಿತ್ತು. ಆ ರಾತ್ರಿ ಊಟ ಮಾಡಲಿಲ್ಲ.

ಆ ವಾರ ನಾನು ಅನುಮಾನ ಪಡದೆ ಬಿಟ್ಟ ವಸ್ತು ಈ ಲೋಕದಲ್ಲಿ ಇಲ್ಲ. ಗಂಗಾಧರಪ್ಪ ಬೇಕೆಂದೇ ಎಂಥದೋ ಕಾಯಿ ಕಳಿಸಿದ್ದಾನೆ ಅಂದುಕೊಂಡೆ. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದ್ದು ನೆನಪಾಗಿ ಗಿರಿಜಳ ಮೇಲೂ ಹಾರಿದೆ. "ಚಟ್ನಿ ತಿನ್ನುವಾಗ ಇಲ್ಲದ ಸಿಟ್ಟು ಈಗ್ಯಾಕೆ?" ಅಂದಳು. ಕೊನೆಗೆ ಡಾಕ್ಟರ ಹತ್ತಿರ ಹೋಗಿ ಕಿವಿ ತೊಳೆಸಿಕೊಂಡೆ. ಬಿಪಿ ಮಿಷನ್ನಿನ ಡಾಕ್ಟರೇ. ಎರಡು ಕಿವಿಯೂ ಚೆನ್ನಾಗಿವೆ ಎಂದು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಮುಂದಿನವರನ್ನು ಕರೆದುಬಿಟ್ಟರು.

ಭಾನುವಾರ ಬೆಳಿಗ್ಗೆ ಚಂದನಳನ್ನು ಗೂಡ್ಸ್ ಆಟೊದಲ್ಲಿ ಕೂರಿಸಿಕೊಂಡು ಹಾರನಹಳ್ಳಿಗೆ ಹೊರಟೆ. "ಅಂಗಳದಲ್ಲಿ ಕೂತು ಹೇಳೋದಲ್ಲಮ್ಮ ಇದು. ಅಟ್ಟದ ಮೇಲೆ ನಿಲ್ಲಬೇಕು. ಅಲ್ಲಿ ನೋಡು ನಿಮ್ಮಪ್ಪನ್ನ" ಅಂದೆ. ಗಂಗಾಧರಪ್ಪ ಏಣಿ ಹಾಕಿದ. ಅವನೇ ಮೂಲೆಮೂಲೆಯಿಂದ ಇಪ್ಪತ್ತು ಕಾಯಿ ಆರಿಸಿ ಒಂದೊಂದಾಗಿ ನನ್ನ ಕೈಗೆ ಕೊಟ್ಟ. ಅಲ್ಲಾಡಿಸಿದೆ, ಹೇಳಿದೆ. ಒಡೆದು ನೋಡಿದರೆ ಹದಿನೆಂಟು ಸರಿ!

"ಯಾರದು ಹನ್ನೊಂದು ಅಂದೋರು?" ಎಂದು ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ ಹಾಕಿಕೊಂಡೆ.

ಚಂದನ ಒಡೆದ ಕಾಯಿಗಳನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಅಪ್ಪಾಜಿ, ಇನ್ನೊಂದು ಸಲ ಮಾಡೋಣ. ಗಂಗಾಧರಪ್ಪಾರೆ, ಕಾಯಿ ನೀವೇ ಆರಿಸಿ, ಒಂದು ಕಡೆ ರಾಶಿ ಹಾಕಿ ಕೆಳಗೆ ಹೋಗ್ತೀರಾ? ನಾನು ಕಲಸಿ ಕೊಡ್ತೀನಿ." ಗಂಗಾಧರಪ್ಪ ಕೆಳಗಿಳಿದ. ನನ್ನ ವಿದ್ಯೆಯೂ ಅವನ ಹಿಂದೆಯೇ ಏಣಿ ಇಳಿಯಿತು. ಈ ಸಲ ಇಪ್ಪತ್ತಕ್ಕೆ ಒಂಬತ್ತು.

ಅವಳು ಮೆತ್ತಗೆ ಹೇಳಿದಳು: "ನೀವು ಅಲ್ಲಾಡಿಸುವಾಗ ಕಾಯಿ ಕಡೆ ನೋಡಲ್ಲ ಅಪ್ಪಾಜಿ. ಅವರ ಮುಖ ನೋಡ್ತೀರ. ಎಲ್ಲಿ ಸೂರು ಸೋರಿದೆ, ಯಾವ ಮೂಲೆ ಕಾಯಿ ಕೆಟ್ಟಿದೆ ಅಂತ ಅವರಿಗೆ ಗೊತ್ತು. ಕೆಟ್ಟ ಕಾಯಿ ಕೊಡುವಾಗಲೆಲ್ಲ ಅವರು ಮೀಸೆ ಒರೆಸ್ಕೊಂಡ್ರು. ಎರಡು ಸಲ ಕಾಫಿ ಕುಡೀತೀರಾ ಅಂತ ಕೇಳಿದ್ರು."

ನಿಜ. ಕಾಯಿ ಕೆಟ್ಟಷ್ಟೂ ಗಂಗಾಧರಪ್ಪನ ಉಪಚಾರ ಹೆಚ್ಚುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ಗೊತ್ತಿತ್ತು ಅನ್ನುವುದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಕಾಯಿಯ ಸದ್ದು ಕೇಳುತ್ತಿದ್ದೇನೆ ಎಂದುಕೊಂಡು ಮನುಷ್ಯರನ್ನು ಅಲ್ಲಾಡಿಸಿ ನೋಡುತ್ತಿದ್ದೆ.

"ಯಂತ್ರ ಯಾಕೆ ಕೆಲಸ ಮಾಡ್ಲಿಲ್ಲ ಅಂತ ಈಗ ಗೊತ್ತಾಯ್ತು" ಅಂದಳು, ಕಣ್ಣು ಹೊಳೆಯುತ್ತಿತ್ತು. "ನಿಮ್ಮ ಅಟ್ಟದ ಮೇಲೆ ಅದಕ್ಕೆ ಪಾಠ ಹೇಳುವಾಗ ಎದುರಿಗೆ ಮಾರೋರು ಯಾರೂ ಇರಲಿಲ್ಲ. ನೀವು ಸುಮ್ನೆ ಅಂದಾಜಲ್ಲಿ ಹೇಳಿದ್ರಿ. ಅದು ಅದನ್ನೇ ಕಲೀತು."

ಅಂದರೆ ಯಂತ್ರ ಕೆಟ್ಟಿರಲಿಲ್ಲ. ಮೇಷ್ಟ್ರು ಕೆಟ್ಟಿದ್ದ.

ಅಷ್ಟರಲ್ಲಿ ಏಣಿಯ ಬುಡದಿಂದ ದನಿ ಬಂತು. ಗಂಗಾಧರಪ್ಪ ಕೆಳಗೆ ಹೋಗಿದ್ದನೇ ಹೊರತು ದೂರ ಹೋಗಿರಲಿಲ್ಲ. "ಏನ್ ಪರಮೇಶಣ್ಣೋ! ಇಷ್ಟು ವರ್ಸ ನನ್ ಮಕ ನೋಡ್ಕಂಡು ಯಾಪಾರ ಮಾಡಿದ್ಯಾ? ನಾನು ನಿನ್ ಕಿವೀನೇ ದೇವ್ರು ಅನ್ಕಂಡಿದ್ನಲ್ಲ! ಕಾಫಿ ಮಾಡಿಸ್ಲಾ?"

"ಬೇಡ ಕಣಯ್ಯ" ಅಂದೆ.

"ಯೋಚ್ನೆ ಮಾಡ್ಬ್ಯಾಡ, ಈ ಕಾಫಿ ಒಳ್ಳೇದೈತೆ."

ವಾಪಸು ಬರುವಾಗ ದಾರಿಯಲ್ಲಿ ಚಂದನ ಆಟೊ ನಿಲ್ಲಿಸಲು ಹೇಳಿದಳು. "ಇದನ್ನ ರಿಪೋರ್ಟಲ್ಲಿ ಬರೆಯೋಕೆ ನಿಮ್ಮ ಒಪ್ಪಿಗೆ ಬೇಕು ಅಪ್ಪಾಜಿ. ನೀವು ಬೇಡ ಅಂದ್ರೆ ನಾನು ಬರೆಯೋ ಹಂಗಿಲ್ಲ."

"ಬರೀದಿದ್ರೆ?"

"ಯಾಕೆ ಅನ್ನೋದಕ್ಕೆ ಉತ್ತರ ಇರಲ್ಲ. ವಾಪಸು ಬರತ್ತೆ."

ನನಗೆ ಮೊದಲು ಬಂದದ್ದು ಅನುಮಾನವೇ. ಇದುವರೆಗೆ ನನ್ನನ್ನು ಯಾರೂ ಒಪ್ಪಿಗೆ ಕೇಳಿದವರಿಲ್ಲ, ಬೆಲೆ ಕೇಳಿದ್ದಾರೆ ಅಷ್ಟೆ. ಇದರ ಹಿಂದೆ ಏನಿದೆ ಎಂದು ಅವಳ ಮುಖ ನೋಡಿದೆ. ಮೀಸೆ ಒರೆಸಿಕೊಳ್ಳುವಂಥದ್ದೇನೂ ಅಲ್ಲಿರಲಿಲ್ಲ. ವರ್ಷವಿಡೀ ಮಾಡಿದ ಕೆಲಸವನ್ನು ಮಡಿಲಲ್ಲಿ ಇಟ್ಟುಕೊಂಡು, ಅಪ್ಪ ಬೇಡ ಎಂದರೆ ಬಿಟ್ಟೇ ಬಿಡುವೆನೆಂದು ಕೂತ ಹುಡುಗಿ. ಹನ್ನೆರಡನ್ನು ಹದಿನೆಂಟು ಮಾಡಿದ್ದರೆ ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ಈ ಕಡೆ ನನ್ನ ಹೆಸರು, ಆ ಕಡೆ ಅವಳ ವರ್ಷ. ಎರಡನ್ನೂ ತೂಗುವುದಕ್ಕೆ ಎದುರಿಗೆ ಗಂಗಾಧರಪ್ಪನಂಥ ಮುಖವೂ ಇಲ್ಲ, ನಾನೇ ಅಂದಾಜು ಮಾಡಬೇಕು.

"ಬರಿ" ಅಂದೆ. "ನನ್ನ ಹೆಸರು ಮಾತ್ರ ಹಾಕಬೇಡ."

"ಹಾಕೋ ಹಂಗೇ ಇಲ್ಲ ಅಪ್ಪಾಜಿ, ಅದೂ ನಿಯಮ."

ರಿಪೋರ್ಟು ಒಪ್ಪಿಗೆಯಾಯಿತು. ಕೆಲಸ ಮಾಡಿದ ಯಂತ್ರಗಳ ರಿಪೋರ್ಟು ಕಾಲೇಜಿನಲ್ಲಿ ರಾಶಿ ಬಿದ್ದಿವೆ, ಯಾಕೆ ಮಾಡಲಿಲ್ಲ ಎಂದು ಕಂಡುಹಿಡಿದದ್ದು ಇದೊಂದೇ ಎಂದು ಮೇಡಂ ಎಲ್ಲರ ಮುಂದೆ ಹೇಳಿದರಂತೆ. ಅದರಲ್ಲಿ ನನ್ನ ಬಗ್ಗೆ ಇರುವ ಪುಟವನ್ನು ಚಂದನ ಕನ್ನಡದಲ್ಲಿ ಓದಿ ಹೇಳಿದಳು. 'ಪರೀಕ್ಷೆಯಲ್ಲಿ ಭಾಗವಹಿಸಿದ ಒಬ್ಬ ಹಿರಿಯ ವ್ಯಾಪಾರಿ' ಎಂದಿತ್ತು. ಹೆಸರು ಬೇಡ ಅಂದವನು ನಾನೇ. ಆದರೂ ಮನಸ್ಸಿಗೆ ಚುಚ್ಚಿತು. ಅರಸೀಕೆರೆಯವರು ಅಂತಲಾದರೂ ಹಾಕಬಹುದಿತ್ತು, ಇದನ್ನು ಓದಿದವರು ತಿಪಟೂರಿನವನು ಅಂದುಕೊಂಡರೆ ಏನು ಗತಿ?

ರಿಪೋರ್ಟನ್ನು ಹಾರನಹಳ್ಳಿಯಲ್ಲಿ ಯಾರೂ ಓದಿಲ್ಲ. ಓದುವ ಅಗತ್ಯವನ್ನು ಗಂಗಾಧರಪ್ಪ ಉಳಿಸಲಿಲ್ಲ. ಈಗ ನನ್ನ ಆಟೊ ಊರೊಳಗೆ ಬಂದರೆ ಸಾಕು, ಕೊರೋನ ಕಾಲದಲ್ಲಿ ಪೊಲೀಸರು ಹೇಳಿದರೂ ಹಾಕದಿದ್ದ ಮಾಸ್ಕನ್ನು ಹುಡುಕಿ ತೆಗೆದು ಹಾಕಿಕೊಂಡು ಅಟ್ಟ ಹತ್ತುತ್ತಾರೆ. ಮಾಸ್ಕಿಲ್ಲದವರು ಟವೆಲು ಸುತ್ತಿಕೊಳ್ಳುತ್ತಾರೆ. ಕಣ್ಣೊಂದು ಕಾಣುತ್ತದೆ, ಅದೂ ನಗುತ್ತಿರುತ್ತದೆ. ಒಳ್ಳೆಯ ಕಾಯಿಗೂ ಕಾಫಿ ಕೊಡುತ್ತಾರೆ, ಕೆಟ್ಟ ಕಾಯಿಗೂ ಕೊಡುತ್ತಾರೆ, ಕುಡಿದು ಕುಡಿದು ನನ್ನ ನಿದ್ದೆ ಹಾರಿಹೋಗಿದೆ. ಈಗ ನಾನೂ ಎಲ್ಲರ ಹಾಗೆ ಕಾಯಿ ಒಡೆದು ನೋಡಿಯೇ ಕೊಳ್ಳುತ್ತೇನೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಅಟ್ಟ ಎರಡು, ಗೂಡ್ಸ್ ಆಟೊ ಒಂದು, ಹೆಂಡತಿ ಒಬ್ಬಳು, ಇಂಜಿನಿಯರ್ ಮಗಳು ಒಬ್ಬಳು. ಹಾರನಹಳ್ಳಿಯಲ್ಲಿ ಮುಖ ಮುಚ್ಚಿಕೊಳ್ಳದೆ ನನ್ನ ಜೊತೆ ವ್ಯಾಪಾರ ಮಾಡುವವರು ಇಬ್ಬರು. ಆ ಇಬ್ಬರ ಮೇಲೆ ನನಗೆ ಬಲವಾದ ಅನುಮಾನವಿದೆ.